ಚಕ್ಕೋತದ ಬುಟ್ಟಿಯಲ್ಲಿ ಒಂದು ಚೀಟಿಯೂ ಇರಲಿ

ಚಕ್ಕೋತ ಕೊಳ್ಳೋಕೆ ಬಂದವರನ್ನು ಈಗೀಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. "ಮನೇಲಿ ಯಾರಾದ್ರೂ ದಿನಾ ಮಾತ್ರೆ ತಗೋತಾರಾ?" ಕೆಲವರು ಮುಖ ಮುಖ ನೋಡುತ್ತಾರೆ. ಒಬ್ಬರಂತೂ "ಹಣ್ಣು ಮಾರೋಕೆ ಬಂದಿದೀರೋ, ಇಲ್ಲಾ ಕ್ಲಿನಿಕ್ ಇಟ್ಟಿದೀರೋ?" ಅಂತ ಕೇಳಿಯೇ ಬಿಟ್ಟರು. ಪಕ್ಕದಲ್ಲಿ ಸೊಪ್ಪು, ತರಕಾರಿ ಇಟ್ಟುಕೊಂಡು ಕೂರುವ ಸ್ನೇಹಿತರಿಗೂ ನನ್ನ ಈ ಹೊಸ ಅಭ್ಯಾಸ ಹಿಡಿಸಿಲ್ಲ. ಬಂದ ಗಿರಾಕೀನ ಹೆದರಿಸಿ ಕಳಿಸ್ತೀಯ ಅನ್ನೋದು ಅವರ ದೂರು. ಹಾಗಾಗಿ ಯಾಕೆ ಕೇಳುತ್ತೇನೆ ಅನ್ನೋದನ್ನ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ದೇವನಹಳ್ಳಿ ಕಡೆಯ ನಮ್ಮ ತೋಟದಲ್ಲಿ ತಾತನ ಕಾಲದ ಆರು ಚಕ್ಕೋತದ ಮರಗಳಿವೆ. ತರಕಾರಿ ಬುಟ್ಟಿ ತೆಗೆದುಕೊಳ್ಳುವ ಬೆಂಗಳೂರಿನ ಮನೆಗಳಿಗೆ ಸುಗ್ಗಿಯಲ್ಲಿ ಚಕ್ಕೋತವನ್ನೂ ಕಳಿಸುತ್ತೇವೆ. ಎರಡು ವರ್ಷದ ಹಿಂದೆ ಹೀಗೆ ಬುಟ್ಟಿ ತರಿಸುವ ಅಕ್ಕ ಒಬ್ಬರು ಫೋನ್ ಮಾಡಿದ್ದರು. ಅವರ ತಾಯಿಗೆ ಕಿಡ್ನಿ ಕಸಿ ಆಗಿದೆ. "ಮಾತ್ರೆ ಹಾಳೇಲಿ ದ್ರಾಕ್ಷಿ ತಿನ್ನಬಾರದು ಅಂತಿದೆ. ದ್ರಾಕ್ಷಿ ನಿಲ್ಲಿಸಿದೀವಿ. ಚಕ್ಕೋತ ಕೊಡಬಹುದಾ?" ಅಂತ ಕೇಳಿದರು. ನಾನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಧಾರಾಳವಾಗಿ ಕೊಡಿ ಅಕ್ಕ. ಸರ್ಕಾರಿ ಗೊಬ್ಬರ ಹಾಕಿಲ್ಲ, ಔಷಧಿ ಹೊಡೆದಿಲ್ಲ. ಮರದ ಹಣ್ಣು, ಅದರಿಂದ ಏನಾಗುತ್ತೆ?" ಅಂದೆ.

ಕೆಲವು ವಾರದ ಮೇಲೆ ಆ ತಾಯಿಗೆ ಕೈ ನಡುಕ ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಟ್ಯಾಕ್ರೋಲಿಮಸ್ ಅನ್ನುವ ಔಷಧದ ಮಟ್ಟ ಇರಬೇಕಾದ್ದಕ್ಕಿಂತ ಮೇಲೆ ಹೋಗಿತ್ತು. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಮಾತ್ರೆ ಅದು. ಕಡಿಮೆಯಾದರೂ ಕಷ್ಟ, ಹೆಚ್ಚಾದರೆ ಅದೇ ಕಿಡ್ನಿಗೆ ಪೆಟ್ಟು. ಡಾಕ್ಟರು ಏನೇನು ತಿಂದಿರಿ ಅಂತ ಒಂದೊಂದಾಗಿ ಕೇಳಿದಾಗ ಚಕ್ಕೋತ ಹೊರಗೆ ಬಂತು. ಹಣ್ಣು ನಿಲ್ಲಿಸಿದರು, ಮಟ್ಟ ಇಳಿಯಿತು, ದೊಡ್ಡ ಅನಾಹುತ ಆಗಲಿಲ್ಲ. ಅಕ್ಕ ನನ್ನನ್ನು ಬೈಯಲಿಲ್ಲ. "ನಿಮಗೂ ಗೊತ್ತಿರಲಿಲ್ಲ ಅಲ್ವಾ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಯಾಕೆಂದರೆ ಅರ್ಧ ನನಗೆ ಗೊತ್ತಿತ್ತು. ಆ ಹಾಳೆಯಲ್ಲಿ ಇದ್ದದ್ದು ದ್ರಾಕ್ಷಿ ಅಲ್ಲ, ಗ್ರೇಪ್‌ಫ್ರೂಟ್. ಗೊಂಚಲು ಗೊಂಚಲಾಗಿ ಬಿಡುತ್ತೆ ಅಂತ ಇಂಗ್ಲಿಷಿನವರು ಆ ಹೆಸರಿಟ್ಟರು ಅನ್ನುತ್ತಾರೆ. ಹಣ್ಣು ಮಾತ್ರ ಪಕ್ಕಾ ನಿಂಬೆ ಜಾತಿಯದು. ಫೋನಿನಲ್ಲಿ ಅನುವಾದಕ್ಕೆ ಹಾಕಿದರೆ 'ದ್ರಾಕ್ಷಿಹಣ್ಣು' ಅಂತ ಬರುತ್ತೆ. ಎಷ್ಟು ಮನೆಗಳಲ್ಲಿ ಪಾಪ, ಯಾವ ತಪ್ಪೂ ಮಾಡದ ದ್ರಾಕ್ಷಿಯನ್ನು ಬಿಟ್ಟು ಕೂತಿದ್ದಾರೋ! ಆ ಗ್ರೇಪ್‌ಫ್ರೂಟ್ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಲ್ಲಿ, 18ನೇ ಶತಮಾನದಲ್ಲಿ, ಸಿಹಿ ಕಿತ್ತಳೆ ಮತ್ತು ಚಕ್ಕೋತ ಎರಡೂ ತಾವಾಗಿಯೇ ಬೆರೆತು. ಅಂದರೆ ಚಕ್ಕೋತದ ಮಗು. ಇದನ್ನ ನಾನು ತೋಟಗಾರಿಕೆ ಓದುವಾಗ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಮಗುವಿನ ಮೇಲೆ ಇರುವ ದೂರು ತಾಯಿಯ ಮೇಲೂ ಇರಬಹುದಲ್ಲ ಅಂತ ಆ ಫೋನ್ ಬಂದ ದಿನ ತಲೆಗೆ ಹೊಳೆಯಲಿಲ್ಲ.

ದೂರು ಇದೆ. 2003ರಲ್ಲೇ ಜಪಾನಿನ ವೈದ್ಯರು ಇಂಥದ್ದೇ ಪ್ರಕರಣ ವರದಿ ಮಾಡಿದ್ದಾರೆ. ಕಿಡ್ನಿ ಕಸಿಯಾದ ರೋಗಿ, ಅದೇ ಟ್ಯಾಕ್ರೋಲಿಮಸ್, ತಿಂದದ್ದು ಚಕ್ಕೋತ. 2006ರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಚಕ್ಕೋತದ ರಸ ಕೊಟ್ಟು ನೋಡಿದಾಗ ಸೈಕ್ಲೋಸ್ಪೋರಿನ್ ಅನ್ನುವ ಇನ್ನೊಂದು ಕಸಿ ಔಷಧದ ಮಟ್ಟವೂ ರಕ್ತದಲ್ಲಿ ಏರಿತ್ತು.

ಈ ವಿಷಯ ಬೆಳಕಿಗೆ ಬಂದದ್ದೇ ಆಕಸ್ಮಿಕವಾಗಿ. ಕೆನಡಾದಲ್ಲಿ ಡೇವಿಡ್ ಬೈಲಿ ಅನ್ನುವ ಔಷಧ ವಿಜ್ಞಾನಿ ಫೆಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯ ಮೇಲೆ ಮದ್ಯದ ಪರಿಣಾಮ ಏನು ಅಂತ ನೋಡುತ್ತಿದ್ದರು. ಮದ್ಯದ ರುಚಿ ಗೊತ್ತಾಗಬಾರದು ಅಂತ ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿ ಕೊಟ್ಟರು. ನೋಡಿದರೆ ಮದ್ಯ ಇದ್ದವರಲ್ಲೂ ಇಲ್ಲದವರಲ್ಲೂ ಮಾತ್ರೆಯ ಮಟ್ಟ ವಿಪರೀತ ಏರಿದೆ. ಕಳ್ಳ ಇದ್ದದ್ದು ರುಚಿ ಮುಚ್ಚೋಕೆ ತಂದ ರಸದಲ್ಲಿ. 1991ರಲ್ಲಿ ಅವರ ತಂಡ ಪ್ರಕಟಿಸಿದ ಅಳತೆಯ ಪ್ರಕಾರ, ನೀರಿನ ಜೊತೆ ನುಂಗಿದ್ದಕ್ಕೆ ಹೋಲಿಸಿದರೆ ಆ ರಸದ ಜೊತೆ ನುಂಗಿದಾಗ ರಕ್ತ ಸೇರಿದ ಔಷಧ ಸರಾಸರಿ ಮೂರು ಪಟ್ಟಿನ ಹತ್ತಿರ. ಅಂದರೆ ಒಂದು ಮಾತ್ರೆ ನುಂಗಿದವನಿಗೆ ಮೂರು ನುಂಗಿದ ಹಾಗೆ. 2013ರ ಹೊತ್ತಿಗೆ ಇದೇ ಬೈಲಿ ಮತ್ತು ಸಂಗಡಿಗರು 85ಕ್ಕಿಂತ ಹೆಚ್ಚು ಔಷಧಗಳ ಮೇಲೆ ಈ ಹಣ್ಣಿನ ಪ್ರಭಾವ ಇರಬಹುದು, ಅದರಲ್ಲಿ 43ರಲ್ಲಿ ಪರಿಣಾಮ ಗಂಭೀರ ಆಗಬಹುದು ಅಂತ ಪಟ್ಟಿ ಮಾಡಿದರು.

ಒಳಗೆ ಏನು ನಡೆಯುತ್ತೆ ಅನ್ನೋದು ನಮ್ಮಂಥ ಕೃಷಿಕರಿಗೆ ಬೇಗ ಅರ್ಥ ಆಗುತ್ತೆ. ನಿಂಬೆ ಗಿಡದ ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣುವ ಹುಳು ನೋಡಿದ್ದೀರಲ್ಲ? ನಿಂಬೆ ಚಿಟ್ಟೆಯ ಮರಿ. ನಿಂಬೆ ಜಾತಿಯ ಗಿಡಗಳು ಹುಳ, ಶಿಲೀಂಧ್ರಗಳಿಂದ ತಪ್ಪಿಸಿಕೊಳ್ಳಲು ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ನಿಂಬೆ ರಸ ಕೈಗೆ ಹತ್ತಿಸಿಕೊಂಡು ಬಿಸಿಲಲ್ಲಿ ಓಡಾಡಿದರೆ ಚರ್ಮ ಸುಟ್ಟು ಕಪ್ಪು ಕಲೆ ಆಗುತ್ತಲ್ಲ, ಅದು ಇವುಗಳದ್ದೇ ಕೆಲಸ. ತೊನ್ನಿಗೆ ಬಳಸುವ ಬಾವಂಚಿ ಬೀಜದಲ್ಲಿ ಇರುವುದೂ ಇದೇ ಗುಂಪಿನದು. ಆ ಚಿಟ್ಟೆಯ ಕುಟುಂಬದ ಹುಳುಗಳು ಈ ವಿಷ ತಿಂದೂ ಬದುಕುವುದು ಹೇಗೆಂದರೆ, ಅವುಗಳ ಕರುಳಲ್ಲಿ ವಿಷವನ್ನು ಒಡೆದು ಹಾಕುವ ಕಿಣ್ವಗಳಿವೆ. ಪಿ450 ಅನ್ನುವ ದೊಡ್ಡ ಮನೆತನದ ಕಿಣ್ವಗಳು.

ಅದೇ ಮನೆತನದ ಕಿಣ್ವಗಳು ನಮ್ಮ ಕರುಳಲ್ಲೂ ಇವೆ, ಲಿವರ್‌ನಲ್ಲೂ ಇವೆ. ಕರುಳ ಗೋಡೆಯಲ್ಲಿ ಇರುವ ಮುಖ್ಯವಾದದ್ದಕ್ಕೆ ಸಿ.ವೈ.ಪಿ. 3ಎ4 ಅಂತ ಹೆಸರು. ನಾವು ನುಂಗಿದ ಮಾತ್ರೆಯನ್ನೂ ಅದು ಹೊರಗಿನ ವಸ್ತು ಅಂತಲೇ ಲೆಕ್ಕ ಹಿಡಿದು, ರಕ್ತ ಸೇರುವ ಮೊದಲೇ ಸಾಕಷ್ಟನ್ನು ಒಡೆದು ಹಾಕುತ್ತದೆ. ಕಂಪನಿಯವರಿಗೆ ಇದು ಗೊತ್ತು. ಫೆಲೋಡಿಪಿನ್‌ನಲ್ಲಿ ನುಂಗಿದ್ದರ ಶೇ. 15ರ ಆಸುಪಾಸು ಮಾತ್ರ ರಕ್ತಕ್ಕೆ ಸಿಗುತ್ತದೆ, ಉಳಿದದ್ದು ದಾರಿಯಲ್ಲೇ ಖರ್ಚು. ಆ ಖರ್ಚನ್ನು ಸೇರಿಸಿಕೊಂಡೇ ಇಷ್ಟು ಮಿಲಿಗ್ರಾಂ ಅಂತ ಅಳತೆ ಗೊತ್ತು ಮಾಡಿರುತ್ತಾರೆ. ಈಗ ಗ್ರೇಪ್‌ಫ್ರೂಟಿನ ಫ್ಯುರಾನೊಕೌಮರಿನ್ ಬಂದು ಆ ಕಿಣ್ವವನ್ನೇ ಕೆಡಿಸಿದರೆ? ಖರ್ಚು ನಿಲ್ಲುತ್ತೆ, ಪೂರ್ತಿ ಮಾಲು ಒಳಗೆ ಹೋಗುತ್ತೆ.

ಇದಕ್ಕೆ ಹೊಲದಲ್ಲೇ ಒಂದು ಉದಾಹರಣೆ ಇದೆ. ಪೈರೆಥ್ರಮ್ ಕೀಟನಾಶಕದ ಜೊತೆ ಪಿಪೆರೋನಿಲ್ ಬ್ಯುಟಾಕ್ಸೈಡ್ ಅಂತ ಒಂದನ್ನು ಬೆರೆಸುತ್ತಾರೆ. ಅದು ತಾನಾಗಿ ಹುಳ ಕೊಲ್ಲೋದು ಅಷ್ಟಕ್ಕಷ್ಟೇ. ಹುಳದ ಒಳಗಿನ ಪಿ450 ಕಿಣ್ವದ ಬಾಯಿ ಮುಚ್ಚಿಸುತ್ತೆ, ಆಗ ಸ್ವಲ್ಪ ಪೈರೆಥ್ರಮ್ಮೇ ಪೂರ್ತಿ ಕೆಲಸ ಮಾಡುತ್ತೆ. 1940ರ ದಶಕದಲ್ಲಿ ಎಳ್ಳೆಣ್ಣೆಗೂ ಈ ಗುಣ ಇದೆ ಅಂತ ಕಂಡುಕೊಂಡಿದ್ದರು. ಹುಳಕ್ಕೆ ನಾವು ಬೇಕೆಂದೇ ಮಾಡುವ ಈ ಕೆಲಸವನ್ನು ಮಾತ್ರೆ ನುಂಗುವ ಮನುಷ್ಯನಿಗೆ ಈ ಹಣ್ಣು ಮಾಡುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. "ಬೆಳಿಗ್ಗೆ ಮಾತ್ರೆ, ಸಾಯಂಕಾಲ ಹಣ್ಣು, ಮಧ್ಯೆ ಗ್ಯಾಪ್ ಕೊಟ್ಟರೆ ಆಯ್ತಲ್ಲ?" ಅಂತ ಕೇಳುತ್ತಾರೆ. ಈ ಗ್ಯಾಪಿನ ಲೆಕ್ಕ ಬೇರೆ ಕಡೆ ಸರಿ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬಾರದು ಅನ್ನೋದು ಅವೆರಡೂ ಹೊಟ್ಟೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಅಂತ. ಥೈರಾಯ್ಡ್ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ನಡುವೆ ನಾಲ್ಕು ಗಂಟೆ ಬಿಡಿ ಅನ್ನೋದೂ ಹಾಗೇ. ಒಂದು ಮುಂದೆ ಹೋದರೆ ಇನ್ನೊಂದಕ್ಕೆ ದಾರಿ ಖಾಲಿ. ಗ್ರೇಪ್‌ಫ್ರೂಟ್ ಹಾಗಲ್ಲ. ಅದು ಕಿಣ್ವವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಡುವುದಿಲ್ಲ, ಶಾಶ್ವತವಾಗಿ ಹಾಳು ಮಾಡುತ್ತೆ. ಕರುಳು ಹೊಸ ಕಿಣ್ವ ಮಾಡಿಕೊಳ್ಳುವ ತನಕ ಪರಿಣಾಮ ಇದ್ದೇ ಇರುತ್ತೆ. ಅದಕ್ಕೆ ಒಂದು ದಿನದಿಂದ ಮೂರು ದಿನ ಬೇಕು. ಒಂದು ಹಣ್ಣು, ಇಲ್ಲವೇ ಒಂದು ಲೋಟ ರಸ ಸಾಕು. ನಿನ್ನೆ ಸಂಜೆ ತಿಂದದ್ದು ಇವತ್ತಿನ ಮಾತ್ರೆಗೂ ತಟ್ಟುತ್ತೆ.

ಇನ್ನೊಂದು ಮಾತು, ನಮ್ಮ ಬೆಳೆಗಾರರೇ ಹೇಳೋದು: "ನಮ್ಮದು ಕಹಿ ಇಲ್ಲದ ಹಣ್ಣು, ಏನೂ ಆಗಲ್ಲ." ಕಹಿಗೆ ಕಾರಣ ನರಿಂಜಿನ್. ಮೊದಮೊದಲು ವಿಜ್ಞಾನಿಗಳೂ ಅದನ್ನೇ ಅನುಮಾನಿಸಿದ್ದರು, ಆಮೇಲೆ ಮುಖ್ಯ ಕಾರಣ ಬರ್ಗಮೋಟಿನ್ ಮತ್ತು ಅದರ ಬಂಧು ಫ್ಯುರಾನೊಕೌಮರಿನ್‌ಗಳು ಅಂತ ಖಚಿತವಾಯಿತು. ನಾಲಿಗೆಗೆ ಅದು ಗೊತ್ತಾಗಲ್ಲ. ಬಿಳಿ ಸಿಪ್ಪೆ ಪೂರ್ತಿ ಸುಲಿದು ತಿಂದರೂ ತೊಳೆಯಲ್ಲಿ ಉಳಿದೇ ಇರುತ್ತೆ. ಹಣ್ಣಿಂದ ಹಣ್ಣಿಗೆ, ತಳಿಯಿಂದ ತಳಿಗೆ ಪ್ರಮಾಣ ಬೇರೆ. ತಿನ್ನುವವರ ಕರುಳೂ ಬೇರೆ ಬೇರೆ. ಬೈಲಿಯವರ 1991ರ ಪ್ರಯೋಗದಲ್ಲೇ ಒಬ್ಬರಿಗೆ ಒಂದೂವರೆ ಪಟ್ಟು ಚಿಲ್ಲರೆ ಏರಿದರೆ ಇನ್ನೊಬ್ಬರಿಗೆ ನಾಲ್ಕೂವರೆ ಪಟ್ಟು ದಾಟಿತ್ತು. ಹಾಗಾಗಿ "ಅರ್ಧ ಮಾತ್ರೆ ನುಂಗಿ, ಹಣ್ಣು ತಿಂದರೆ ಸರಿಹೋಗುತ್ತೆ, ದುಡ್ಡೂ ಉಳಿಯುತ್ತೆ" ಅನ್ನುವ ಬುದ್ಧಿವಂತಿಕೆ ಬೇಡವೇ ಬೇಡ. ಅಂಥ ಸಲಹೆ ಕೊಡುವವರನ್ನೂ ನಾನು ನೋಡಿದ್ದೇನೆ.

ಯಾವ ಮಾತ್ರೆ ಅನ್ನೋದು ಮುಖ್ಯ. ಕಸಿಯಾದವರ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಆಗಲೇ ಹೇಳಿದೆ. ಅವರು ಚಕ್ಕೋತ ಮುಟ್ಟದಿರುವುದೇ ಕ್ಷೇಮ. ಕೊಲೆಸ್ಟರಾಲ್ ಮಾತ್ರೆಗಳಲ್ಲಿ ಸಿಮ್ವಾಸ್ಟಾಟಿನ್, ಲೋವಾಸ್ಟಾಟಿನ್‌ಗೆ ಪರಿಣಾಮ ಜೋರು. ಮಟ್ಟ ಏರಿದರೆ ಮಾಂಸಖಂಡ ನೋವು, ಅಪರೂಪಕ್ಕೆ ಖಂಡವೇ ಒಡೆದು ಕಿಡ್ನಿಗೆ ಹೊಡೆತ. ಅಟೊರ್ವಾಸ್ಟಾಟಿನ್‌ಗೆ ಅಷ್ಟಿಲ್ಲ, ಆದರೂ ದಿನಾ ಲೋಟಗಟ್ಟಲೆ ರಸ ಕುಡಿಯುವಂತಿಲ್ಲ. ರೋಸುವಾಸ್ಟಾಟಿನ್‌ಗೆ ಈ ತಕರಾರು ಇಲ್ಲ. ಬಿ.ಪಿ.ಯ ನಿಫೆಡಿಪಿನ್, ಫೆಲೋಡಿಪಿನ್ ಪಟ್ಟಿಯಲ್ಲಿವೆ. ನಮ್ಮಲ್ಲಿ ಹೆಚ್ಚು ಜನ ನುಂಗುವ ಆಮ್ಲೋಡಿಪಿನ್ ಮೇಲೆ ಪ್ರಭಾವ ತೀರಾ ಕಡಿಮೆ. ಮೂರ್ಛೆ ರೋಗದ ಕಾರ್ಬಮಜೆಪಿನ್, ಹೃದಯ ಬಡಿತ ತಪ್ಪಿದವರ ಅಮಿಯೋಡರೋನ್ ಕೂಡ ಪಟ್ಟಿಯಲ್ಲಿವೆ. ಅಲರ್ಜಿಯ ಫೆಕ್ಸೋಫೆನಡಿನ್‌ದು ಉಲ್ಟಾ ಕತೆ. ಅದನ್ನು ಒಳಗೆ ಹೊತ್ತು ಒಯ್ಯುವ ವ್ಯವಸ್ಥೆಯನ್ನೇ ರಸ ತಡೆಯುತ್ತೆ, ಮಾತ್ರೆ ಕಡಿಮೆ ಹತ್ತುತ್ತೆ. ಕಿತ್ತಳೆ, ಸೇಬಿನ ರಸವೂ ಹೀಗೇ ಮಾಡುತ್ತದೆ. ಪಾರ್ಥೇನಿಯಂ ಅಲರ್ಜಿಗೆ ಮಾತ್ರೆ ನುಂಗುವ ನಮ್ಮ ರೈತರು ಅದನ್ನು ನೀರಲ್ಲೇ ನುಂಗಲಿ. ಇದು ಪೂರ್ತಿ ಪಟ್ಟಿ ಅಲ್ಲ. ಪೂರ್ತಿ ಪಟ್ಟಿ ಡಾಕ್ಟರ ಹತ್ತಿರ, ಫಾರ್ಮಸಿಸ್ಟ್ ಹತ್ತಿರ ಇರುತ್ತೆ. ಕೇಳೋಕೆ ದುಡ್ಡು ಬೇಕಿಲ್ಲ.

ಇನ್ನು ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ನಾವು ಸಾವಯವದವರು ಇದೇ ವಿಜ್ಞಾನವನ್ನು ಬೇಕಾದಾಗ ಎತ್ತಿ ಹಿಡಿಯುತ್ತೇವೆ, ಬೇಡದಾಗ ಮುಚ್ಚಿಡುತ್ತೇವೆ. ಅರಿಶಿನ, ಕಾಳುಮೆಣಸಿನ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಅದರ ಡಬ್ಬದ ಮೇಲೆ ಹೀರಿಕೆ 2000 ಪ್ರತಿಶತ ಹೆಚ್ಚು ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ. ಆ ಅಂಕಿ ಬಂದದ್ದು ನಮ್ಮ ಬೆಂಗಳೂರಿನಿಂದಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಅಷ್ಟು ಏರಿತ್ತು. ಒಳ್ಳೆಯ ಕೆಲಸ, ಹೆಮ್ಮೆಯ ಕೆಲಸ. ಆದರೆ ಏರಿದ್ದು ಹೇಗೆ? ಮೆಣಸಿನ ಪೈಪರಿನ್ ದೇಹದ ವಿಲೇವಾರಿ ಕಿಣ್ವಗಳನ್ನು ತಡೆದದ್ದರಿಂದ. ಆ ಕಿಣ್ವಗಳು ಕರ್ಕ್ಯುಮಿನ್‌ಗೆ ಅಂತ ಪ್ರತ್ಯೇಕ ಕಾದು ಕೂತಿರುವುದಿಲ್ಲ. ಕೆಲವು ಮಾತ್ರೆಗಳಿಗೂ ಅವೇ ಬಾಗಿಲು. ಹೀರಿಕೆ ಹೆಚ್ಚುತ್ತೆ ಅಂತ ಹೇಳಿ ಮಾರುವವನು, ಬೇರೆ ಮಾತ್ರೆಯ ಹೀರಿಕೆಯೂ ಹೆಚ್ಚಬಹುದು ಅಂತಲೂ ಹೇಳಬೇಡವೇ? ಒಂದೇ ನಾಣ್ಯ ತಾನೆ. ಸಾರಿಗೆ ಹಾಕುವ ಮೆಣಸಿಗೆ, ಪಲ್ಯದ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಸತ್ವ ತೆಗೆದು ತುಂಬಿದ ಕ್ಯಾಪ್ಸೂಲ್ ಮಾತು ಬೇರೆ.

"ನ್ಯಾಚುರಲ್, ಹಾಗಾಗಿ ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತನ್ನು ನಾನೂ ವರ್ಷಗಟ್ಟಲೆ ಆಡಿದ್ದೇನೆ. ಆ ತಾಯಿಗೆ ನಡುಕ ತಂದ ವಸ್ತುವನ್ನು ಯಾವ ಕಾರ್ಖಾನೆಯೂ ಮಾಡಿರಲಿಲ್ಲ, ನಮ್ಮ ಮರವೇ ಮಾಡಿತ್ತು. ಸಗಣಿ ಗೊಬ್ಬರ ಹಾಕಿ, ಜೀವಾಮೃತ ಕೊಟ್ಟು ಬೆಳೆಸಿದರೆ ಫ್ಯುರಾನೊಕೌಮರಿನ್ ಮಾಯ ಆಗಲ್ಲ. ಸಾವಯವ ಅನ್ನೋದು ನಾನು ಏನು ಹೊಡೆದಿಲ್ಲ ಅನ್ನುವುದಕ್ಕೆ ಸಾಕ್ಷಿ. ಗಿಡ ತನ್ನೊಳಗೆ ಏನಿಟ್ಟುಕೊಂಡಿದೆ ಅನ್ನುವುದಕ್ಕೆ ಅಲ್ಲ.

ಸ್ನೇಹಿತರ ಆಕ್ಷೇಪಕ್ಕೆ ಬರುತ್ತೇನೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿ ಸಿಕ್ಕಿದೆ, ಆದರೆ ಮರಗಳು ಉಳಿದಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂತು, ಜಮೀನಿನ ರೇಟು ಎಲ್ಲಿಗೋ ಹೋಯಿತು, ತೋಟಗಳು ಲೇಔಟ್ ಆದವು. ಅಳಿದುಳಿದ ಮರಗಳ ಹಣ್ಣಿಗೆ ನೀನೇ ಕಲ್ಲು ಹಾಕ್ತೀಯಾ ಅನ್ನುತ್ತಾರೆ. ಅವರ ಸಂಕಟ ನನಗೂ ಇದೆ. ಆದರೆ ಲೆಕ್ಕ ನೋಡಿ. ಬಹುಪಾಲು ಜನ ಈ ಹಣ್ಣನ್ನು ನಿಶ್ಚಿಂತೆಯಿಂದ ತಿನ್ನಬಹುದು. ನೀರು, ನಾರು, ವಿಟಮಿನ್ ಸಿ ತುಂಬಿದ ಹಣ್ಣು. ಉಪ್ಪು ಖಾರ ಹಚ್ಚಿಕೊಂಡು ತಿಂದರೆ ಅದರ ಮುಂದೆ ಬೇರೆ ಇಲ್ಲ. ತಿನ್ನಬಾರದವರು ಕೆಲವರು ಮಾತ್ರ. ಆ ಕೆಲವರಿಗೆ ಮೊದಲೇ ಹೇಳಿದರೆ ನಾನು ಕಳೆದುಕೊಳ್ಳುವುದು ನಾಲ್ಕು ಹಣ್ಣಿನ ದುಡ್ಡು. ಹೇಳದೆ ಒಬ್ಬರು ಆಸ್ಪತ್ರೆ ಸೇರಿ ಅದು ಸುದ್ದಿಯಾದರೆ? ಆಗ ಇಡೀ ದೇವನಹಳ್ಳಿ ಹಣ್ಣನ್ನು ಜನ ದೂರ ಇಡುತ್ತಾರೆ. ಕಿಡ್ನಿ ಮಾತ್ರೆ ಯಾವುದು, ಶೀತದ ಮಾತ್ರೆ ಯಾವುದು ಅಂತ ಆಗ ಯಾರೂ ವಿಚಾರಿಸಲ್ಲ.

ಬೆಳೆಗಾರರ ಕಡೆಯಿಂದ ನನ್ನದೊಂದು ಬೇಡಿಕೆಯೂ ಇದೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರು ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಸೇರಿಸಿ, ಫ್ಯುರಾನೊಕೌಮರಿನ್ ಕಡಿಮೆ ಇರುವ ಯು.ಎಫ್. 914 ಎಂಬ ತಳಿ ಮಾಡಿದ್ದಾರೆ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೋ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೋ ಇದು ಮೀರಿದ ಕೆಲಸ ಅಲ್ಲ. ಮೊದಲು ಉಳಿದಿರುವ ಒಂದೊಂದು ತಾಯಿ ಮರದ ಹಣ್ಣನ್ನೂ ಅಳೆದು, ಯಾವ ಮರದಲ್ಲಿ ಎಷ್ಟಿದೆ ಅನ್ನುವ ಪಟ್ಟಿಯನ್ನು ರೈತರ ಕೈಗೆ ಕೊಡಲಿ. ಕಡಿಮೆ ಇರುವ ಮರ ಸಿಕ್ಕರೆ ಅದರಿಂದಲೇ ಗೂಟಿ ಕಟ್ಟಿ ಸಸಿ ಮಾಡೋಣ.

ಅಲ್ಲಿಯ ತನಕ ಚೀಟಿ. ಅಂಗೈ ಅಗಲದ ಹಳದಿ ಹಾಳೆ, ಊರಿನ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದು. ಅದರಲ್ಲಿ ಹೀಗೆ ಬರೆದಿದ್ದೇನೆ: "ಇದು ಚಕ್ಕೋತ. ಗ್ರೇಪ್‌ಫ್ರೂಟ್ ಇದೇ ಮನೆತನದ ಹಣ್ಣು. ದ್ರಾಕ್ಷಿ ಬೇರೆ. ಕಿಡ್ನಿ ಅಥವಾ ಲಿವರ್ ಕಸಿ ಆಗಿದ್ದರೆ ತಿನ್ನಬೇಡಿ. ಕೊಲೆಸ್ಟರಾಲ್, ಬಿ.ಪಿ., ಹೃದಯ, ಮೂರ್ಛೆ ಅಥವಾ ಬೇರೆ ಯಾವುದೇ ಮಾತ್ರೆ ದಿನಾ ನುಂಗುವವರು ಮಾತ್ರೆಯ ಹೆಸರು ತೋರಿಸಿ ಡಾಕ್ಟರನ್ನು ಕೇಳಿ, ಆಮೇಲೆ ತಿನ್ನಿ. ಹಣ್ಣಿಗೋಸ್ಕರ ಮಾತ್ರೆ ಬಿಡಬೇಡಿ." ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ನನ್ನ ಹೆಸರು ಹಾಕಬೇಕಿಲ್ಲ.

ಆ ಅಕ್ಕನ ಮನೆಗೆ ಬುಟ್ಟಿ ಈಗಲೂ ಹೋಗುತ್ತದೆ. ಮೊನ್ನೆ ಅವರ ತಾಯಿಯೇ ಫೋನ್ ತೆಗೆದುಕೊಂಡು, "ಚಕ್ಕೋತ ಬೇಡ ಬಿಡು, ಸೀಬೆಹಣ್ಣು ಬಂದಿದ್ರೆ ಎರಡು ಜಾಸ್ತಿ ಹಾಕು. ಡಾಕ್ಟರನ್ನ ಕೇಳಿದೀನಿ" ಅಂದರು.